ಬೆಂಕಿ ಆರಿದ ಮೇಲೆ: ಮಸಿ ತೊಳೆಯುವ ವಿದ್ಯೆಯ ಕಥೆ

2003ರ ಮಳೆಗಾಲ. ನಾನು ಆಗ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅಂಟಿಕೊಂಡಂತೆ ಒಂದು ಚಿಕ್ಕ ಉಗ್ರಾಣವಿತ್ತು. ಹಳೆಯ ವಯರಿನ ಸುರುಳಿಗಳು, ಮುರಿದ ಸ್ವಿಚ್ ಬೋರ್ಡುಗಳು, ಉತ್ತರಪತ್ರಿಕೆಗಳ ಕಟ್ಟು ಎಲ್ಲವೂ ಅಲ್ಲಿ ಸೇರಿದ್ದವು. ಒಂದು ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಅಲ್ಲಿ ಬೆಂಕಿ ಹೊತ್ತಿತು. ಕಾವಲುಗಾರ ಬೇಗ ನೋಡಿದ್ದರಿಂದ ಬೆಂಕಿ ಉಗ್ರಾಣದ ಬಾಗಿಲು ದಾಟಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಪ್ರಯೋಗಾಲಯದ ಒಂದು ಮೇಜೂ ಸುಟ್ಟಿರಲಿಲ್ಲ. ಎಲ್ಲದರ ಮೇಲೂ ತೆಳುವಾಗಿ ಕಪ್ಪು ಕೂತಿತ್ತು, ಅಷ್ಟೆ. ಬದುಕಿದೆವು ಎಂದುಕೊಂಡು ನಾವೆಲ್ಲ ಒದ್ದೆ ಬಟ್ಟೆ ಹಿಡಿದು ಒರೆಸಿದೆವು. ಹೊರಗೆ ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿ ಮುಚ್ಚಿ ಮನೆಗೆ ಹೋದೆವು.

ಎರಡು ವಾರ ಕಳೆಯುವಷ್ಟರಲ್ಲಿ ರೋಧಪೆಟ್ಟಿಗೆಗಳ ಹಿತ್ತಾಳೆ ತಿರುಪುಗಳ ಮೇಲೆ ಹಸಿರು ಕಿಲುಬು ಕಾಣಿಸಿತು. ಗ್ಯಾಲ್ವನೊಮೀಟರುಗಳ ಉಕ್ಕಿನ ಭಾಗಗಳಿಗೆ ತುಕ್ಕು ಬಂತು. ಮೀಟರ್ ಬ್ರಿಜ್‌ನ ತಾಮ್ರದ ಪಟ್ಟಿಗಳು ಮಚ್ಚೆ ಮಚ್ಚೆಯಾದವು. ನಮ್ಮ ಹಿರಿಯ ಅಟೆಂಡರ್ ಒಂದು ಪೆಟ್ಟಿಗೆಯನ್ನು ಎತ್ತಿ ತೋರಿಸಿ, "ಸಾರ್, ಬೆಂಕಿ ಬಿದ್ದಿದ್ದು ಆ ಕೋಣೇಲಿ, ಕೆಟ್ಟಿದ್ದು ಈ ಕೋಣೇದು. ಇದ್ಯಾವ ನ್ಯಾಯ?" ಎಂದರು.

ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಉತ್ತರ ಹುಡುಕಿಕೊಟ್ಟರು. ಆಸವಿತ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒಂದು ಪೆಟ್ಟಿಗೆಯ ಮೇಲ್ಮೈಯನ್ನು ಒರೆಸಿದರು. ಆ ಹತ್ತಿಯನ್ನು ಪ್ರನಾಳದೊಳಗೆ ಹಿಂಡಿ, ಎರಡು ಹನಿ ನೈಟ್ರಿಕ್ ಆಮ್ಲವನ್ನೂ ಸಿಲ್ವರ್ ನೈಟ್ರೇಟನ್ನೂ ಹಾಕಿದರು. ಮೊಸರು ಒಡೆದಂತೆ ಬಿಳಿಯ ಒತ್ತರ ಬಂತು. ಕ್ಲೋರೈಡ್! ಉಗ್ರಾಣದಲ್ಲಿ ಸುಟ್ಟಿದ್ದು ಪಿವಿಸಿ ಹೊದಿಕೆಯ ವಯರು. ಅದರಿಂದ ಹೊರಟ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಗೆಯ ಜೊತೆ ಬಂದು ನಮ್ಮ ಉಪಕರಣಗಳ ಮೇಲೆ ಕೂತಿತ್ತು. ಅದಕ್ಕೆ ಬೇಕಾದ ನೀರನ್ನು ನಾವೇ ಒದ್ದೆ ಬಟ್ಟೆಯಿಂದ ಕೊಟ್ಟಿದ್ದೆವು, ಸಾಲದ್ದನ್ನು ಮಳೆಗಾಲದ ಗಾಳಿ ಕೊಟ್ಟಿತ್ತು. ಉಪಕರಣಗಳನ್ನು ಹಾಳುಮಾಡಿದ್ದು ಬೆಂಕಿಗಿಂತ ಹೆಚ್ಚಾಗಿ ನಮ್ಮ ಶುಚಿತ್ವ.

ಬೆಂಕಿ ಆರಿದ ಮೇಲೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಕಲಿಸುವವರು ಎಲ್ಲಾದರೂ ಇದ್ದಾರೆಯೇ ಎಂದು ನಾನು ಹುಡುಕಲು ತೊಡಗಿದ್ದು ಆಗ. ಅಮೆರಿಕದಲ್ಲಿ ಇದೊಂದು ಕಸುಬು. ಅದಕ್ಕೆ ತರಗತಿ, ಪರೀಕ್ಷೆ, ಪ್ರಮಾಣಪತ್ರ ಎಲ್ಲ ಇವೆ. ಆ ಕಸುಬು ಬೆಳೆದು ಬಂದ ದಾರಿಯಲ್ಲಿ ನಾವು ಪಾಠ ಹೇಳುವ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ.

ಕಾಡಿಗೆಯ ತಟ್ಟೆ ಮತ್ತು ಟಿಂಡಲ್‌ನ ಕತ್ತಲೆ

ಮಸಿ ಎಲ್ಲಿ ಕೂರುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಹರಳೆಣ್ಣೆಯ ದೀಪದ ಮೇಲೆ ತಣ್ಣನೆಯ ತಾಮ್ರದ ತಟ್ಟೆಯನ್ನು ಕವುಚಿಟ್ಟು ಕಾಡಿಗೆ ಹಿಡಿಯುತ್ತಿದ್ದರು. ತಟ್ಟೆ ಬಿಸಿಯಾದರೆ ಕಾಡಿಗೆ ಸರಿಯಾಗಿ ಕೂರುವುದಿಲ್ಲ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳಿಗೆ ಉಜ್ಜುತ್ತಿದ್ದುದೂ ಇಂಥ ಮಸಿಯನ್ನೇ.

ಇದರ ಹಿಂದಿನ ಭೌತಶಾಸ್ತ್ರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಬೆಳಕಿಗೆ ಬಂತು. ಮೈಕೇಲ್ ಫ್ಯಾರಡೆ 1860–61ರ ಚಳಿಗಾಲದಲ್ಲಿ ಮಕ್ಕಳಿಗಾಗಿ ಮೇಣದಬತ್ತಿಯ ಬಗ್ಗೆ ಕೊಟ್ಟ ಉಪನ್ಯಾಸಗಳು ಪ್ರಸಿದ್ಧವಾಗಿವೆ. ಜ್ವಾಲೆ ಹೊಳೆಯುವುದು ಅದರೊಳಗಿನ ಕಾದ ಇಂಗಾಲದ ಕಣಗಳಿಂದ ಎಂದು ಅವನು ತೋರಿಸಿದ. ಫ್ಯಾರಡೆಯ ಜೊತೆಗಾರ ಜಾನ್ ಟಿಂಡಲ್ 1870ರಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಿದ. ಕತ್ತಲೆ ಕೋಣೆಯಲ್ಲಿ ಬೆಳಕಿನ ಕೋಲು ಹಾಯಿಸಿದರೆ ಗಾಳಿಯ ದೂಳು ಮಿನುಗುತ್ತದೆ. ಆ ಕೋಲಿನ ಕೆಳಗೆ ಕಾದ ಲೋಹವನ್ನು ಹಿಡಿದರೆ ಅದರ ಮೇಲ್ಗಡೆ ಕಪ್ಪು ಪಟ್ಟಿಯೊಂದು ಏಳುತ್ತದೆ. ಅಲ್ಲಿ ದೂಳೇ ಇಲ್ಲ. ದೂಳು ಸುಟ್ಟುಹೋಯಿತು ಎನ್ನೋಣವೆಂದರೆ, ಸುಡುವಷ್ಟು ಬಿಸಿಯಿಲ್ಲದ ಲೋಹದ ಮೇಲೂ ಆ ಕತ್ತಲೆ ಏಳುತ್ತದೆ. 1884ರಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಗಂಟು ಬಿಡಿಸಿದ. ಬಿಸಿ ಮೇಲ್ಮೈ ಕಣಗಳನ್ನು ದೂರ ತಳ್ಳುತ್ತದೆ, ತಣ್ಣನೆಯ ಮೇಲ್ಮೈಯತ್ತ ಅವು ಸರಿಯುತ್ತವೆ.

ಕಾರಣ ಸರಳ. ಗಾಳಿಯಲ್ಲಿ ತೇಲುವ ಕಣಕ್ಕೆ ಎಲ್ಲ ಕಡೆಯಿಂದಲೂ ಅಣುಗಳು ಬಡಿಯುತ್ತಿರುತ್ತವೆ. ಬಿಸಿ ಬದಿಯಿಂದ ಬರುವ ಅಣುಗಳಿಗೆ ವೇಗ ಹೆಚ್ಚು, ಹಾಗಾಗಿ ಹೊಡೆತ ಬಲವಾದದ್ದು. ಕಣ ತಂಪಿನ ಕಡೆಗೆ ಸರಿಯುತ್ತದೆ. ಈ ವಿದ್ಯಮಾನಕ್ಕೆ ಥರ್ಮೊಫೊರೆಸಿಸ್ ಎಂದು ಹೆಸರು. ಕನ್ನಡದಲ್ಲಿ ಉಷ್ಣಸರಣ ಎನ್ನಬಹುದು.

ಇದರ ಪ್ರಮಾಣ ಎಷ್ಟೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಬಹಳ ಚಿಕ್ಕ ಕಣಗಳಿಗೆ ಸರಿಯುವ ವೇಗವು ಸುಮಾರಾಗಿ 0.55 ಗುಣಿಸು ಗಾಳಿಯ ಚಲನ ಸ್ನಿಗ್ಧತೆ ಗುಣಿಸು ತಾಪದ ಇಳಿಜಾರು, ಇದನ್ನು ನಿರಪೇಕ್ಷ ತಾಪದಿಂದ ಭಾಗಿಸಿದಷ್ಟು. ಗೋಡೆಯ ಪಕ್ಕದ ಒಂದು ಮಿಲಿಮೀಟರಿನಲ್ಲಿ ತಾಪ 10 ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಬರುತ್ತದೆ. ಅದೇ ಕಣ, ವ್ಯಾಸ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗವಾಗಿದ್ದರೆ, ತನ್ನ ತೂಕದಿಂದ ಕೆಳಗಿಳಿಯುವುದು ಸೆಕೆಂಡಿಗೆ ಸುಮಾರು 0.001 ಮಿಲಿಮೀಟರ್ ಮಾತ್ರ. ಗುರುತ್ವಕ್ಕಿಂತ ಉಷ್ಣಸರಣ ಇಲ್ಲಿ ಕೆಲವು ನೂರು ಪಟ್ಟು ಬಲಶಾಲಿ. ಬೆಂಕಿಯ ಸಮಯದಲ್ಲಿ ಗೋಡೆಯ ಪಕ್ಕದ ತಾಪದ ಇಳಿಜಾರು ಇದಕ್ಕಿಂತ ಬಹಳ ಕಡಿದಾಗಿರುತ್ತದೆ.

ಆದ್ದರಿಂದ ಮಸಿಯನ್ನು ದೂಳಿನಂತೆ ಭಾವಿಸಬಾರದು. ದೂಳು ಮೇಲಿನಿಂದ ಬೀಳುತ್ತದೆ. ಮಸಿ ಹೊರಗೋಡೆಯ ಒಳಮೈ, ಕಿಟಕಿಯ ಗಾಜು, ಲೋಹದ ಬೀರುವಿನ ಹಿಂಬದಿ, ಚಿತ್ರಪಟದ ಚೌಕಟ್ಟಿನ ಹಿಂದೆ, ಹೀಗೆ ತಂಪಿದ್ದಲ್ಲಿಗೆ ಹೋಗಿ ಕೂರುತ್ತದೆ. ಅಮೆರಿಕದಲ್ಲಿ ಗೋಡೆಗೆ ಜಿಪ್ಸಮ್ ಹಲಗೆಗಳನ್ನು ಮೊಳೆ ಹೊಡೆದು ಕೂರಿಸುವ ವಾಡಿಕೆಯಿದೆ. ಹೊಗೆ ತುಂಬಿದ ಮನೆಗಳಲ್ಲಿ ಮೊಳೆ ಇದ್ದ ಕಡೆಯೆಲ್ಲ ಕಪ್ಪು ಚುಕ್ಕೆಗಳು ಸಾಲಾಗಿ ಮೂಡುತ್ತವೆ. ಉಕ್ಕಿನ ಮೊಳೆ ಶಾಖವನ್ನು ಬೇಗ ಒಯ್ಯುವುದರಿಂದ ಅದರ ತಲೆ ಸುತ್ತಲಿನ ಹಲಗೆಗಿಂತ ತಣ್ಣಗಿರುತ್ತದೆ.

ಹೊಗೆ ಮುಚ್ಚಿದ ಕಪಾಟಿನೊಳಕ್ಕೂ ಹೋಗುತ್ತದೆ. ಕೋಣೆಯ ಗಾಳಿ 27 ಡಿಗ್ರಿಯಿಂದ 327 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಗಾತ್ರ ಎರಡರಷ್ಟಾಗಬೇಕು. ಅಷ್ಟು ಅನಿಲ ಸಿಕ್ಕಿದ ಸಂದಿಗಳಲ್ಲೆಲ್ಲ ನುಗ್ಗುತ್ತದೆ, ಆಮೇಲೆ ಒಳಗೇ ತಣ್ಣಗಾಗಿ ಹೊತ್ತು ತಂದದ್ದನ್ನು ಅಲ್ಲೇ ಬಿಡುತ್ತದೆ. ಚಾರ್ಲ್ಸ್‌ನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿಟ್ಟಿನ ಮುದ್ದೆಯ ಕಾಲ

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಮನೆಗಳನ್ನು ಬೆಚ್ಚಗಿಡುತ್ತಿದ್ದುದು ಕಲ್ಲಿದ್ದಲು. ಬೆಂಕಿ ಅನಾಹುತವಾಗದಿದ್ದರೂ ಪ್ರತಿ ಚಳಿಗಾಲ ಮುಗಿದ ಮೇಲೆ ಗೋಡೆಗಳಿಗೆ ಮಸಿ ಕೂತಿರುತ್ತಿತ್ತು. ಗೋಡೆಗೆ ಅಂಟಿಸಿದ್ದು ಕಾಗದ. ನೀರು ಸೋಕಿಸುವಂತಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಕಲಸಿದ ಹಿಟ್ಟು. ಕಣಕದಂತಹ ಮುದ್ದೆಯನ್ನು ಗೋಡೆಯ ಮೇಲೆ ಒತ್ತಿ ಉರುಳಿಸಿದರೆ ಮಸಿ ಮುದ್ದೆಗೆ ಅಂಟಿಕೊಂಡು ಬರುತ್ತದೆ. ಮುದ್ದೆಯನ್ನು ಮಡಚಿ ನಾದಿದರೆ ಮತ್ತೆ ಹೊಸ ಮೇಲ್ಮೈ.

ಒಹಾಯೊ ರಾಜ್ಯದ ಸಿನ್ಸಿನಾಟಿಯ ಕುಟಾಲ್ ಎಂಬ ಕಂಪನಿ 1930ರ ದಶಕದಿಂದ ಈ ಹಿಟ್ಟನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಎರಡನೆಯ ಮಹಾಯುದ್ಧದ ನಂತರ ಕಲ್ಲಿದ್ದಲಿನ ಒಲೆಗಳು ಹೋಗಿ ಎಣ್ಣೆ ಮತ್ತು ಅನಿಲದ ಒಲೆಗಳು ಬಂದವು, ತೊಳೆಯಬಹುದಾದ ವಿನೈಲ್ ಗೋಡೆಹಾಳೆ ಬಂತು. ಹಿಟ್ಟನ್ನು ಕೇಳುವವರಿಲ್ಲವಾಯಿತು. ಕಂಪನಿಯ ಮೆಕ್‌ವಿಕರ್ ಕುಟುಂಬಕ್ಕೆ ಸಂಬಂಧಿಯಾಗಿದ್ದ ಕೇ ಝುಫಾಲ್ ಶಿಶುವಿಹಾರ ನಡೆಸುತ್ತಿದ್ದರು. ಅವರು ಅದನ್ನು ಮಕ್ಕಳ ಕೈಗೆ ಕೊಟ್ಟು ಗೊಂಬೆ ಮಾಡಿಸಿದರು. 1956ರ ಹೊತ್ತಿಗೆ ಅದೇ ಹಿಟ್ಟು ಪ್ಲೇ-ಡೋ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಇಂದು ನಮ್ಮ ಪೇಟೆಯ ಆಟಿಕೆ ಅಂಗಡಿಗಳಲ್ಲೂ ಸಿಗುವ ಆ ಮುದ್ದೆ ಒಂದು ಕಾಲಕ್ಕೆ ಮಸಿ ತೆಗೆಯುವ ಸಾಧನವಾಗಿತ್ತು ಎಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ.

ಹಿಟ್ಟು ಹೋದರೂ ಅದರ ತತ್ವ ಉಳಿದಿದೆ. ಮಸಿಕಣಗಳು ಮೇಲ್ಮೈಗೆ ಅಂಟಿಕೊಂಡಿರುವುದು ಬಹುಪಾಲು ವಾನ್ ಡರ್ ವಾಲ್ಸ್ ಬಲದಿಂದ. ಅದಕ್ಕಿಂತ ಹೆಚ್ಚು ಸ್ಪರ್ಶಕ್ಷೇತ್ರ ಕೊಡುವ ಮೆತ್ತನೆಯ ವಸ್ತುವನ್ನು ಒಣಗಿದಂತೆಯೇ ಒತ್ತಿ ಎತ್ತಿದರೆ ಕಣ ಅದರ ಜೊತೆ ಬರುತ್ತದೆ. ನೀರು ಹಾಕಿ ಉಜ್ಜಿದರೆ ಕಣಗಳು ಗೋಡೆಯ ರಂಧ್ರಗಳೊಳಗೆ ಇಳಿದು ಬಣ್ಣವಾಗಿಬಿಡುತ್ತವೆ. ಮಸಿಯಿಂದ ಶಾಯಿ ಮಾಡುವುದೂ ಹೀಗೆಯೇ ತಾನೆ? ಇಂದಿನ ತಂತ್ರಜ್ಞ ಬಳಸುವ ಒಣ ರಬ್ಬರ್ ಸ್ಪಂಜು ಆ ಹಿಟ್ಟಿನ ಮುದ್ದೆಯ ವಾರಸುದಾರ.

ನ್ಯೂಯಾರ್ಕ್, 1975

ಹಿಟ್ಟು, ಸೋಪು, ಅನುಭವ ಇಷ್ಟರಿಂದಲೇ ಕಸುಬು ನಡೆಯುತ್ತಿತ್ತು. ಮರ, ಹತ್ತಿ, ಉಣ್ಣೆ, ಕಾಗದ ಸುಟ್ಟ ಹೊಗೆಯನ್ನು ಮನುಷ್ಯ ಸಾವಿರಾರು ವರ್ಷಗಳಿಂದ ಬಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆಯ ಪರಿಚಯ ಅವನಿಗೆ ಇರಲಿಲ್ಲ. ಆ ಪರಿಚಯ ದೊಡ್ಡ ಪ್ರಮಾಣದಲ್ಲಿ ಆದದ್ದು 1975ರ ಫೆಬ್ರವರಿ 27ರಂದು.

ನ್ಯೂಯಾರ್ಕ್ ನಗರದ ಸೆಕೆಂಡ್ ಅವೆನ್ಯೂ ಮತ್ತು ಹದಿಮೂರನೆಯ ಬೀದಿ ಕೂಡುವಲ್ಲಿ ಹನ್ನೊಂದು ಅಂತಸ್ತಿನ ದೂರವಾಣಿ ವಿನಿಮಯ ಕೇಂದ್ರವಿತ್ತು. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ನೆಲಮಾಳಿಗೆಯ ಕೇಬಲ್ ಕೋಣೆಯಲ್ಲಿ ಬೆಂಕಿ ಹೊತ್ತಿತು. ಅಲ್ಲಿದ್ದುದು ಪಿವಿಸಿ ಹೊದಿಕೆಯ ಕೇಬಲ್‌ಗಳ ರಾಶಿ. ಬೆಂಕಿ ಹದಿನಾರು ಗಂಟೆಗಳಷ್ಟು ಕಾಲ ಉರಿಯಿತು. ಸುಮಾರು 700 ಅಗ್ನಿಶಾಮಕ ಸಿಬ್ಬಂದಿ ಅದರೊಡನೆ ಸೆಣಸಿದರು. ಸ್ಥಳದಲ್ಲಿ ಯಾರೂ ಸಾಯಲಿಲ್ಲ. ಆದರೆ ಆ ಹೊಗೆ ಕುಡಿದವರಲ್ಲಿ ಅನೇಕರು ಆಮೇಲೆ ಕ್ಯಾನ್ಸರ್ ಮತ್ತು ಶ್ವಾಸಕೋಶದ ಕಾಯಿಲೆಗಳಿಗೆ ತುತ್ತಾದರೆಂದು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಹೇಳುತ್ತ ಬಂದಿದ್ದಾರೆ. ಮ್ಯಾನ್‌ಹಟನ್‌ನ ಕೆಳಭಾಗದಲ್ಲಿ 1,70,000ಕ್ಕೂ ಹೆಚ್ಚು ದೂರವಾಣಿಗಳು ಸತ್ತವು.

ಸುಟ್ಟದ್ದು ಕಟ್ಟಡದ ಕೆಳಭಾಗ. ಮೇಲಿನ ಅಂತಸ್ತುಗಳಲ್ಲಿದ್ದ ಸ್ವಿಚ್ಚು ಸಲಕರಣೆಗಳಿಗೆ ಬೆಂಕಿ ತಾಗಿರಲಿಲ್ಲ, ಹೊಗೆ ತಾಗಿತ್ತು. ನಮ್ಮ ಅಟೆಂಡರ್ ಕೇಳಿದ ಪ್ರಶ್ನೆ ಅಲ್ಲಿ ಬೃಹತ್ತಾಗಿ ಎದ್ದಿತು.

ಪಿವಿಸಿಯ ಘಟಕ ಅಣು ಎರಡು ಇಂಗಾಲ, ಮೂರು ಹೈಡ್ರೋಜನ್, ಒಂದು ಕ್ಲೋರಿನ್. ತೂಕ 62.5. ಅದರಲ್ಲಿ ಕ್ಲೋರಿನ್ ಪಾಲು 35.5, ಎಂದರೆ ಶೇಕಡ 57. ಶುದ್ಧ ಪಿವಿಸಿ ಒಂದು ಕಿಲೋಗ್ರಾಂ ವಿಘಟಿಸಿ ಕ್ಲೋರಿನ್ನೆಲ್ಲ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬಂದರೆ 580 ಗ್ರಾಂಗೂ ಹೆಚ್ಚು, ಗಾತ್ರದಲ್ಲಿ ಸುಮಾರು 360 ಲೀಟರ್ ಅನಿಲ. ಕೇಬಲ್ ಹೊದಿಕೆಯಲ್ಲಿ ಮೆದುಕಾರಿಗಳೂ ಸುಣ್ಣದಕಲ್ಲಿನ ಪುಡಿಯೂ ಬೆರೆತಿರುವುದರಿಂದ ಇಷ್ಟು ಬರುವುದಿಲ್ಲ. ಅರ್ಧ ಬಂದರೂ ಸಾಕು. ಜ್ವಾಲೆಯೇ ಬೇಕೆಂದಿಲ್ಲ, 200–300 ಡಿಗ್ರಿ ತಾಪದಲ್ಲೇ ಈ ಅನಿಲ ಹೊರಡುತ್ತದೆ.

ಅದು ಸತುವಿನ ಲೇಪವಿರುವ ಚೌಕಟ್ಟಿಗೆ ತಾಗಿದರೆ ಸತುವಿನ ಕ್ಲೋರೈಡ್ ಆಗುತ್ತದೆ. ಒಣ ಎಂದು ನಮಗೆ ತೋರುವ ಗಾಳಿಯಿಂದಲೂ ತೇವ ಹೀರಿ ತಾನೇ ಕರಗುವ ಲವಣ ಅದು. ಹೀಗೆ ಲೋಹದ ಮೇಲೆ ಸದಾ ಆಮ್ಲೀಯವಾದ ಒಂದು ನೀರಿನ ಪೊರೆ ನಿಲ್ಲುತ್ತದೆ. ಉಕ್ಕು, ತಾಮ್ರ, ಹಿತ್ತಾಳೆ ಯಾವುದೂ ಅದರ ಕೆಳಗೆ ಬಾಳುವುದಿಲ್ಲ. ದಿನ ಕಳೆದಂತೆ ಹಾನಿ ತಾನೇ ಬೆಳೆಯುತ್ತದೆ. ಹೊಗೆಹಾನಿ ಎಂಬುದು ನಡೆದು ಮುಗಿದ ಘಟನೆಯಲ್ಲ, ನಡೆಯುತ್ತಿರುವ ರಾಸಾಯನಿಕ ಕ್ರಿಯೆ ಎಂಬ ಅರಿವು ಇಂಥ ಅನಾಹುತಗಳಿಂದ ಗಟ್ಟಿಯಾಯಿತು. ಇಂದು ಪಾಠದಲ್ಲಿ ಹೇಳುವ ಮೊದಲ ಕ್ರಮವೂ ಅದರಿಂದಲೇ ಬಂದದ್ದು: ಒರೆಸುವ ಮೊದಲು ಕೋಣೆಯ ಗಾಳಿಯನ್ನು ಒಣಗಿಸಿ. ಸಾಪೇಕ್ಷ ಆರ್ದ್ರತೆಯನ್ನು ಶೇಕಡ 40ಕ್ಕಿಂತ ಕೆಳಗೆ ತಂದರೆ ಲೋಹ ನಶಿಸುವ ವೇಗ ತಗ್ಗುತ್ತದೆ, ಯೋಚಿಸಲು ಕಾಲ ಸಿಗುತ್ತದೆ. ನಾವು 2003ರಲ್ಲಿ ಮಾಡಿದ್ದು ಇದಕ್ಕೆ ತೀರಾ ವಿರುದ್ಧ.

ನ್ಯೂಯಾರ್ಕಿನಲ್ಲಿ ದೂರವಾಣಿ ಸಂಸ್ಥೆ ಸುಮಾರು 4,000 ಜನರನ್ನು ಪಾಳಿಯಲ್ಲಿ ಕೆಲಸಕ್ಕೆ ಹಚ್ಚಿತು. ಸುಟ್ಟ ವಿತರಣಾ ಚೌಕಟ್ಟಿಗೆ ಬದಲಿ ಬಂತು. ಆದರೆ ಮೇಲಿನ ಅಂತಸ್ತುಗಳ ಅಸಂಖ್ಯಾತ ರಿಲೇಗಳನ್ನೂ ಸ್ಪರ್ಶಬಿಂದುಗಳನ್ನೂ ಬದಲಿಸಲು ಸಾಧ್ಯವಿರಲಿಲ್ಲ. ಅವನ್ನು ಒಂದೊಂದಾಗಿ, ಹಲ್ಲುಜ್ಜುವ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ ಹಿಡಿದು ಕೈಯಿಂದಲೇ ಶುಚಿಮಾಡಿದರು. ಮೂರು ವಾರ ಕಳೆಯುವ ಹೊತ್ತಿಗೆ ದೂರವಾಣಿಗಳು ಮತ್ತೆ ಮಾತಾಡಿದವು. ಎಂಜಿನಿಯರಿಂಗ್ ಇತಿಹಾಸದಲ್ಲಿ ಇದನ್ನು ಒಂದು ಸಾಹಸವೆಂದು ಬಣ್ಣಿಸುತ್ತಾರೆ. ಸಾಹಸವೇ ಸರಿ. ಆದರೆ ಆ ಪುಡಿಯನ್ನು ದಿನವಿಡೀ ಉಸಿರಾಡಿದ ಶುಚಿಗಾರರ ಬಗ್ಗೆ ಆ ಬಣ್ಣನೆಗಳಲ್ಲಿ ಹೆಚ್ಚಿನ ಮಾತಿಲ್ಲ.

ಗಾಲೀಚಿನಿಂದ ಪ್ರಮಾಣಪತ್ರಕ್ಕೆ

ಈ ಕಸುಬಿಗೆ ಶಾಲೆ ಕಟ್ಟಿದವರು ವಿಜ್ಞಾನಿಗಳಲ್ಲ, ಗಾಲೀಚು ತೊಳೆಯುವವರು. 1946ರಲ್ಲಿ ಅಮೆರಿಕದ ಗಾಲೀಚು ಶುಚಿಗಾರರು ಒಂದು ಸಂಘ ಕಟ್ಟಿಕೊಂಡರು. ಬೆಂಕಿ ಬಿದ್ದ ಮನೆಯ ಗಾಲೀಚು ತೊಳೆಯಲು ಹೋದವರಿಗೆ ಪರದೆ, ಸೋಫಾ, ಗೋಡೆ ಎಲ್ಲವನ್ನೂ ತೊಳೆದುಕೊಡುವ ಕೆಲಸ ಸಿಕ್ಕಿತು. ಆ ಸಂಘ ಹಲವು ಬಾರಿ ಹೆಸರು ಬದಲಿಸಿಕೊಂಡು 2007ರಲ್ಲಿ ಪುನಃಸ್ಥಾಪನಾ ಉದ್ಯಮದ ಸಂಘವೆಂದೇ ಕರೆದುಕೊಂಡಿತು. ಇವರಿಗೆ ಬೆಂಬಲವಾದದ್ದು ವಿಮಾ ಕಂಪನಿಗಳ ಲೆಕ್ಕಾಚಾರ. ಹೊಸದು ಕೊಡಿಸುವುದಕ್ಕಿಂತ ಹಳೆಯದನ್ನು ಶುಚಿಮಾಡಿಸುವುದು ಅಗ್ಗ. ಆದರೆ ಶುಚಿಮಾಡುವವನಿಗೆ ಕೆಲಸ ಗೊತ್ತಿದೆ ಎಂದು ಹೇಗೆ ನಂಬುವುದು?

1972ರಲ್ಲಿ ಎಡ್ ಯಾರ್ಕ್ ಎಂಬವರು ಇನ್ನೊಂದು ಸಂಸ್ಥೆ ಆರಂಭಿಸಿದರು. ಅದೂ ಮೊದಲಿಗೆ ಗಾಲೀಚು ಮತ್ತು ಸೋಫಾ ಶುಚಿಗಾರರಿಗೆ ಪ್ರಮಾಣಪತ್ರ ಕೊಡುವುದಕ್ಕಾಗಿಯೇ ಹುಟ್ಟಿದ್ದು. ಇಂದು ಅದು ಐಐಸಿಆರ್‌ಸಿ ಎಂದು ಹೆಸರಾಗಿದೆ. ನೀರಿನ ಹಾನಿ, ಬೂಷ್ಟು, ವಾಸನೆ, ಬೆಂಕಿ ಮತ್ತು ಹೊಗೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತದೆ. ಸಂಸ್ಥೆ ತಾನೇ ಪಾಠ ಮಾಡುವುದಿಲ್ಲ. ಮಾನ್ಯತೆ ಪಡೆದ ಶಾಲೆಗಳು ಪಾಠ ಮಾಡುತ್ತವೆ, ಸಂಸ್ಥೆ ಪರೀಕ್ಷೆ ನಡೆಸುತ್ತದೆ. ನಮ್ಮ ವಿಶ್ವವಿದ್ಯಾಲಯ ಮತ್ತು ಸಂಯೋಜಿತ ಕಾಲೇಜುಗಳ ಏರ್ಪಾಡಿನಂತೆಯೇ ಎನ್ನಬಹುದು. ಬೆಂಕಿ ಮತ್ತು ಹೊಗೆಹಾನಿಯ ತಂತ್ರಜ್ಞನ ಶಿಕ್ಷಣ ಸಾಮಾನ್ಯವಾಗಿ ಎರಡು ದಿನಗಳದ್ದು. ಕೊನೆಗೆ ಲಿಖಿತ ಪರೀಕ್ಷೆ. ಪ್ರಮಾಣಪತ್ರ ಉಳಿಸಿಕೊಳ್ಳಲು ಆಗಾಗ ಮತ್ತೆ ತರಗತಿಗೆ ಹೋಗಬೇಕು.

ಆ ಎರಡು ದಿನಗಳ ಪಾಠದ ತಿರುಳು ಗುರುತು ಹಿಡಿಯುವುದು. ಎಲ್ಲ ಮಸಿಯೂ ಒಂದಲ್ಲ. ಗಾಳಿ ಚೆನ್ನಾಗಿ ಸಿಕ್ಕಿ ಧಗಧಗನೆ ಉರಿದ ಮರ, ಕಾಗದ ಬಿಡುವುದು ಒಣ ಪುಡಿಮಸಿ. ಅದನ್ನು ಮೊದಲು ಸೂಕ್ಷ್ಮ ಸೋಸುಕವಿರುವ ನಿರ್ವಾತ ಯಂತ್ರದಿಂದ ಎಳೆದು, ಆಮೇಲೆ ಒಣ ಸ್ಪಂಜಿನಿಂದ ತೆಗೆಯಬಹುದು. ಗಾಳಿ ಸಾಲದೆ ನಿಧಾನವಾಗಿ ಕಮರಿದ ರಬ್ಬರ್, ಪ್ಲಾಸ್ಟಿಕ್ ಬಿಡುವುದು ಜಿಡ್ಡುಮಸಿ. ಒರೆಸಿದರೆ ಹರಡುತ್ತದೆ, ಕ್ಷಾರೀಯ ಮಾರ್ಜಕ ಬೇಕು. ಒಲೆಯ ಮೇಲೆ ಮಾಂಸ ಸೀದುಹೋದಾಗ ಬರುವುದು ಮೂರನೆಯ ಬಗೆ. ಅದು ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬೇಕು, ತೆಳು ಹಳದಿ ಮೆರುಗಿನಂತೆ ಇರುತ್ತದೆ. ವಾಸನೆ ಮಾತ್ರ ತಿಂಗಳುಗಟ್ಟಲೆ ಹೋಗುವುದಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಮಾಡಿದ ಕ್ಲೋರೈಡ್ ಪರೀಕ್ಷೆಯೂ ಈ ಕಸುಬಿನ ಸಾಮಾನ್ಯ ಪರೀಕ್ಷೆ. ಚದರ ಸೆಂಟಿಮೀಟರಿಗೆ ಎಷ್ಟು ಮೈಕ್ರೊಗ್ರಾಂ ಕ್ಲೋರೈಡ್ ಇದೆ ಎಂದು ಅಳೆದು, ಸಲಕರಣೆಯನ್ನು ಉಳಿಸಬಹುದೇ ಇಲ್ಲವೇ ಎಂದು ನಿರ್ಧರಿಸುತ್ತಾರೆ.

ಕೈಕೆಲಸದ ಚಿಕ್ಕ ಗುಟ್ಟುಗಳೂ ಪಾಠದಲ್ಲಿವೆ. ಮಸಿ ಹಿಡಿದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು ಎಂಬುದು ಅವುಗಳಲ್ಲೊಂದು. ಕೇಳಿದವರೆಲ್ಲ ಇದು ತಲೆಕೆಳಗು ಎನ್ನುತ್ತಾರೆ. ಮೇಲಿನಿಂದ ತೊಳೆದರೆ ಕೊಳೆನೀರು ಒಣಗೋಡೆಯ ಮೇಲೆ ಗೆರೆಗೆರೆಯಾಗಿ ಇಳಿದು ಒಳಗೆ ಹೀರಿಕೊಳ್ಳುತ್ತದೆ, ಆ ಗೆರೆ ಮತ್ತೆ ಹೋಗದು. ಕೆಳಭಾಗ ಆಗಲೇ ತೊಳೆದು ಒದ್ದೆಯಾಗಿದ್ದರೆ ಇಳಿದ ನೀರು ಹೀರದೆ ಜಾರಿಹೋಗುತ್ತದೆ.

ವಾಸನೆಯ ವಿಷಯದಲ್ಲಿ ನನಗೆ ತಕರಾರಿದೆ. ಓಝೋನ್ ಉತ್ಪಾದಿಸುವ ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ವಾಸನೆ ತೆಗೆಯುವ ಪದ್ಧತಿ ಬಹುಕಾಲದಿಂದ ಇದೆ. ಓಝೋನ್ ಅಣು ವಾಸನೆಯ ಅಣುಗಳ ದ್ವಿಬಂಧಗಳನ್ನು ಮುರಿಯುತ್ತದೆ ಎಂಬುದು ನಿಜ. ಆದರೆ ಸ್ವಾಭಾವಿಕ ರಬ್ಬರಿನ ದ್ವಿಬಂಧಗಳನ್ನೂ ಅದು ಬಿಡುವುದಿಲ್ಲ, ಶ್ವಾಸಕೋಶವನ್ನೂ ಬಿಡುವುದಿಲ್ಲ. ಅದಕ್ಕೆ ಗೆಳೆಯ ಯಾರು, ಶತ್ರು ಯಾರು ಎಂಬ ವಿವೇಚನೆಯಿಲ್ಲ. ಮನುಷ್ಯರು, ಸಾಕುಪ್ರಾಣಿ, ಗಿಡ ಯಾವುದೂ ಇಲ್ಲದ ಕೋಣೆಯಲ್ಲಿ ಮಾತ್ರ ಬಳಸಬೇಕೆಂಬ ಎಚ್ಚರಿಕೆ ಪಾಠದಲ್ಲಿ ಇದ್ದೇ ಇರುತ್ತದೆ. ಪಾಠ ಕೇಳದವನ ಕೈಗೂ ಯಂತ್ರ ಸಿಗುತ್ತದೆ ಎಂಬುದೇ ತೊಂದರೆ.

ಎರಡು ದಿನದಲ್ಲಿ ಒಬ್ಬ ತಂತ್ರಜ್ಞ ತಯಾರಾಗುತ್ತಾನೆಯೇ? ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪರೀಕ್ಷೆಗಳನ್ನು ನಡೆಸಿದವನಾಗಿ ಹೇಳುತ್ತೇನೆ, ಆಗುವುದಿಲ್ಲ. ಕೈ ಪಳಗಲು ವರ್ಷಗಳು ಬೇಕು. ಆದರೆ ಎರಡು ದಿನದಲ್ಲಿ ಒಂದು ಕೆಲಸ ಖಂಡಿತ ಆಗುತ್ತದೆ. ಮುಟ್ಟುವ ಮೊದಲು ನಿಂತು ನೋಡುವುದನ್ನು ಕಲಿಸಬಹುದು. 2003ರಲ್ಲಿ ಪಿಎಚ್.ಡಿ. ಇದ್ದ ನನಗೆ ಅಷ್ಟು ತಿಳಿದಿರಲಿಲ್ಲ.

ಆಕಾಶದಿಂದ ಬಂದ ಒಂದು ಉಪಾಯ

ಪ್ರಯೋಗಾಲಯಗಳೂ ಈ ಕಸುಬಿಗೆ ಅಷ್ಟಿಷ್ಟು ಕೊಟ್ಟಿವೆ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಅತಿನೇರಿಳೆ ಕಿರಣಗಳು ಆಕ್ಸಿಜನ್ ಅಣುವನ್ನು ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡುತ್ತವೆ. 1980ರ ದಶಕದ ಬಾಹ್ಯಾಕಾಶ ಲಾಳಿಗಳ ಪ್ಲಾಸ್ಟಿಕ್ ಹೊದಿಕೆಗಳನ್ನು ಈ ಪರಮಾಣು ಆಕ್ಸಿಜನ್ ತಿಂದುಹಾಕುತ್ತಿತ್ತು. ಅದನ್ನು ತಡೆಯಲು ಕ್ಲೀವ್‌ಲ್ಯಾಂಡಿನ ನಾಸಾ ಕೇಂದ್ರದಲ್ಲಿ ಬ್ರೂಸ್ ಬ್ಯಾಂಕ್ಸ್, ಶರಾನ್ ಮಿಲ್ಲರ್ ಮತ್ತು ಸಂಗಡಿಗರು ಅಧ್ಯಯನ ನಡೆಸಿದ್ದರು. 1989ರಲ್ಲಿ ಅದೇ ನಗರದ ಸೇಂಟ್ ಆಲ್ಬನ್ಸ್ ಚರ್ಚಿಗೆ ಬೆಂಕಿ ಬಿದ್ದು ಎರಡು ತೈಲಚಿತ್ರಗಳು ಕಪ್ಪಾದವು. ಸಾಮಾನ್ಯ ದ್ರಾವಕಗಳಿಂದ ಮಸಿ ಹೋಗಲಿಲ್ಲ. ಚಿತ್ರಗಳನ್ನು ನಿರ್ವಾತ ಪೆಟ್ಟಿಗೆಯಲ್ಲಿಟ್ಟು ಪರಮಾಣು ಆಕ್ಸಿಜನ್ ಹಾಯಿಸಿದರು. ಇಂಗಾಲ ಅನಿಲವಾಗಿ ಹೊರಟುಹೋಯಿತು. ಬಣ್ಣದ ಖನಿಜ ಪುಡಿಗಳು ಬಹುಪಾಲು ಆಗಲೇ ಆಕ್ಸೈಡುಗಳು, ಅವಕ್ಕೆ ಇನ್ನಷ್ಟು ಆಕ್ಸಿಜನ್ ಬೇಡ. ಕುಂಚವನ್ನೇ ತಾಗಿಸದೆ ಚಿತ್ರ ಹೊರಬಂತು. ಸುಟ್ಟ ಮನೆಗಳಿಗೆ ಇದು ಉಪಯೋಗಕ್ಕೆ ಬರುವ ಮಾತಲ್ಲ. ಆದರೂ ಇದೊಂದು ಸೊಗಸಾದ ಭೌತಶಾಸ್ತ್ರ.

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟಾಗ ಅಲ್ಲಿದ್ದ ನೂರಾರು ಟನ್ ಸೀಸ ಕರಗಿ ದೂಳಾಗಿ ಹರಡಿತು. ಕೆಲಸಗಾರರ ರಕ್ಷಣೆ ಸಾಲದೆಂದು ಅದೇ ಜುಲೈನಲ್ಲಿ ಕೆಲವು ವಾರ ಕೆಲಸವನ್ನೇ ನಿಲ್ಲಿಸಬೇಕಾಯಿತು. ಒಳಗಿನ ಕಲ್ಲುಗೋಡೆಗಳನ್ನು ಮೊದಲು ನಿರ್ವಾತ ಯಂತ್ರದಿಂದ, ಆಮೇಲೆ ಲ್ಯಾಟೆಕ್ಸ್ ಬಳಿದು ಒಣಗಿದ ಮೇಲೆ ಪೊರೆಯಂತೆ ಸುಲಿದು ಶುಚಿಮಾಡಿದರು. ಸಿನ್ಸಿನಾಟಿಯ ಹಿಟ್ಟಿನ ಮುದ್ದೆಯ ತತ್ವವೇ ಅಲ್ಲೂ ಕೆಲಸ ಮಾಡಿತು. ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು.

ಉಳಿದ ಮನೆಗಳ ಪ್ರಶ್ನೆ

2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಸುತ್ತಲಿನ ಕಾಡ್ಗಿಚ್ಚು ಊರುಗಳಿಗೆ ನುಗ್ಗಿ ಸಾವಿರಾರು ಮನೆಗಳನ್ನು ಸುಟ್ಟಿತು. ಸುಡದೆ ನಿಂತ ಮನೆಗಳ ಪಾಡು ಬೇರೆ. ಸುಟ್ಟ ನೆರೆಮನೆಗಳ ಹಳೆಯ ಬಣ್ಣದ ಸೀಸ, ಕಲ್ನಾರು, ಬ್ಯಾಟರಿ, ಪ್ಲಾಸ್ಟಿಕ್ ಎಲ್ಲವ ಬೂದಿಯೂ ಅವುಗಳ ಒಳಗೆ ಬಂದು ಕೂತಿತ್ತು. ಒರೆಸಿದರೆ ಸಾಕೆಂದು ವಿಮೆಯವರು, ಪರೀಕ್ಷೆ ಮಾಡಿಸಿ ಎಂದು ಮನೆಯವರು. ಶುಚಿಯಾಯಿತು ಎಂದು ಹೇಳುವ ಅಧಿಕಾರ ಯಾರದು, ಯಾವ ಅಳತೆಯಿಂದ? ನೀರಿನ ಹಾನಿಗೆ ಇಂಥ ಲಿಖಿತ ಮಾನಕ 1994ರಿಂದಲೇ ಇತ್ತು. ಬೆಂಕಿ ಮತ್ತು ಹೊಗೆಯ ಹಾನಿಗೆ ಐಐಸಿಆರ್‌ಸಿಯ ಪೂರ್ಣ ಮಾನಕ, ಎಸ್700 ಎಂಬ ಹೆಸರಿನದು, ಮೊದಲ ಬಾರಿಗೆ ಪ್ರಕಟವಾದದ್ದು 2025ರಲ್ಲಿ. ಅಷ್ಟು ದಶಕ ಪ್ರಮಾಣಪತ್ರ ಕೊಟ್ಟ ಮೇಲೆ!

ನಮ್ಮಲ್ಲಿ ಬೆಂಕಿ ನಂದಿಸುವವರಿಗೆ ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 1956ರಲ್ಲಿ ಆರಂಭವಾದದ್ದು. ನಂದಿಸಿದ ಮೇಲೆ ಸಾಮಾನ್ಯವಾಗಿ ಬರುವವನು ಸುಣ್ಣಬಣ್ಣದವನು. ಸುಣ್ಣ ಕ್ಷಾರೀಯ, ಆಮ್ಲವನ್ನು ತಟಸ್ಥಗೊಳಿಸುತ್ತದೆ ಎಂಬುದು ಸರಿ. ಆದರೆ ಕ್ಲೋರೈಡ್ ಇದ್ದಲ್ಲಿ ಆಗುವುದು ಕ್ಯಾಲ್ಸಿಯಂ ಕ್ಲೋರೈಡ್. ಅದೂ ತೇವ ಹೀರುವ ಲವಣವೇ. ಜಿಡ್ಡುಮಸಿಯ ಮೇಲೆ ಹಾಗೇ ಡಿಸ್ಟೆಂಪರ್ ಬಳಿದರೆ ಮುಂದಿನ ಮಳೆಗಾಲಕ್ಕೆ ಹಳದಿ ಕಲೆ ಎದ್ದು ಬರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗ, ವಿದ್ಯುತ್ ತಂತಿಗಳ ಕೊಳವೆಯಿಂದ ಏಳುವ ಹೊಗೆ ಎಂಥದ್ದೆಂದು ನಗರಕ್ಕೆ ತಿಳಿಯಿತು. ಹೊಗೆ ಬಿಟ್ಟುಹೋಗುವ ಶೇಷವನ್ನು ಗುರುತಿಸಿ ತೊಳೆಯುವುದನ್ನು ಐಟಿಐಗಳಲ್ಲಿ ಒಂದು ಚಿಕ್ಕ ಪಾಠವನ್ನಾಗಿಯಾದರೂ ಇಡಬಹುದು. ಅದಕ್ಕೆ ಬೇಕಾದ ಸಿಲ್ವರ್ ನೈಟ್ರೇಟ್ ಪ್ರತಿ ಕಾಲೇಜಿನಲ್ಲೂ ಇದೆ.

ಶಿಕ್ಷಕರು ಒಂದು ಪ್ರಯೋಗ ಮಾಡಿಸಬಹುದು. ಪ್ಲಾಸ್ಟಿಕ್ ಸುಡಬೇಡಿ, ಮೇಣದಬತ್ತಿ ಸಾಕು. ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಮಂಜುಗಡ್ಡೆಯ ನೀರು, ಇನ್ನೊಂದಕ್ಕೆ ಕುದಿಯುವ ನೀರು ತುಂಬಿ. ತಳದ ಹೊರಮೈಯ ತೇವವನ್ನು ಒರೆಸಿ, ಜ್ವಾಲೆಯ ತುದಿಗಿಂತ ಸ್ವಲ್ಪ ಮೇಲೆ ಎರಡನ್ನೂ ಒಂದಾದ ಮೇಲೊಂದು ಅಷ್ಟೇ ಹೊತ್ತು ಹಿಡಿದು, ಕೂತ ಮಸಿಯನ್ನು ಹೋಲಿಸಿ. ಆಮೇಲೆ ಒಂದರ ಅರ್ಧವನ್ನು ಒದ್ದೆ ಬಟ್ಟೆಯಿಂದ, ಉಳಿದರ್ಧವನ್ನು ಗೋಧಿ ಹಿಟ್ಟಿನ ಗಟ್ಟಿ ಮುದ್ದೆಯಿಂದ ತೆಗೆಯಲು ಹೇಳಿ. ಇದನ್ನೇ ಸುಣ್ಣ ಬಳಿದ ಹೆಂಚಿನ ತುಂಡಿನ ಮೇಲೂ ಮಾಡಿಸಿ. ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಮೊದಲ ಬಾರಿಗೆ ಹಿಟ್ಟನ್ನು ಕೈಗೆತ್ತಿಕೊಂಡವರು ಬಹಳ ಕಡಿಮೆ. ಎಲ್ಲರ ಕೈಯೂ ಒದ್ದೆ ಬಟ್ಟೆಯ ಕಡೆಗೇ ಹೋಗುತ್ತದೆ.